ಅಚ್ಚನ್ನು ಅಚ್ಚುಕಟ್ಟು ಮಾಡಿದ ಬಗ್ಗೆ

ಆಶಾ ಕೋಂ ಅಂಜನ್, 39 ವರ್ಷ, ಎಂ.ಎ. (ಕನ್ನಡ), ಹಳೆಯ ವಸ್ತುಗಳ ವ್ಯಾಪಾರ, ವಾಸ ಗಾಂಧಿನಗರ, ಚಳ್ಳಕೆರೆ ಟೌನ್, ಆದ ನಾನು ದಿನಾಂಕ 27-09-2024ರ ಶುಕ್ರವಾರ ಬೆಳಿಗ್ಗೆ 10-40ಕ್ಕೆ ಮೊಳಕಾಲ್ಮೂರು ಪೊಲೀಸ್ ಠಾಣೆಗೆ, ಯಾರೂ ಕರೆಯದೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಮತ್ತು 24ನೇ ತಾರೀಖು ಇದೇ ಮೇಜಿನ ಮುಂದೆ ಕೂತು ತಿಳಿಸದೆ ನುಂಗಿಕೊಂಡದ್ದೇನೆಂದರೆ:

ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಏಳು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ದೇವೋಭವ ಎನ್ನುವ ನಾಡಿನಲ್ಲಿ ಈ ಅತಿಥಿಗೆ ಹತ್ತು ತಿಂಗಳು ಊಟ, ಎರಡು ತಿಂಗಳು ಉಪವಾಸ. 2018ರ ಜೂನ್‌ನಲ್ಲಿ ಆ ಕೆಲಸ ಬಿಟ್ಟು ಪಾವಗಡ ರಸ್ತೆಯಲ್ಲಿ ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮಳಿಗೆ ಹಿಡಿದು ‘ಹಿಂದಿನದು’ ಎಂಬ ಅಂಗಡಿ ತೆರೆದೆ. ಮೊದಲ ಎರಡು ವರ್ಷ ಸೇರು, ಪಾವು, ಹಿತ್ತಾಳೆ ಕೊಡ, ಒನಕೆ, ಲಾಟೀನು ಎಂದು ಸಿಕ್ಕಿದ್ದನ್ನೆಲ್ಲ ಒತ್ತಿ ತುಂಬಿದ್ದೆ. ನನ್ನ ಪತಿ ಅಂಜನ್ ಖಾಸಗಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಒಮ್ಮೆ ಒಳಗೆ ಬರಲು ಹೋಗಿ ಒನಕೆ ಕಾಲ ಮೇಲೆ ಬಿದ್ದಾಗ, ಇದು ಅಂಗಡಿಯೋ ಅಡಚಣೆಯೋ ಎಂದು ಅವರು ಕೇಳಿದ್ದರು.

ಘಟನೆಗೆ ಬನ್ನಿ ಎಂದು ಇದನ್ನು ಬರೆದುಕೊಳ್ಳುತ್ತಿರುವ ರೈಟರ್ ಹೇಳುತ್ತಿದ್ದಾರೆ. ಘಟನೆ ಶುರುವಾಗುವುದೇ ಇಲ್ಲಿಂದ.

2021ರಲ್ಲಿ ನನಗೆ ನನ್ನದೇ ಎನ್ನಬಹುದಾದ ಅಲಂಕಾರದ ಶೈಲಿಯೊಂದು ಸಿಕ್ಕಿತು. ಇದ್ದುದರಲ್ಲಿ ಮುಕ್ಕಾಲು ಭಾಗ ಗುಜರಿಗೆ ಹಾಕಿ, ಗೋಡೆಗಳಿಗೆಲ್ಲ ಬಿಳಿ ಸುಣ್ಣ ಹೊಡೆಸಿ, ಒಂದು ಗೋಡೆಗೆ ಒಂದೇ ವಸ್ತು ಇಟ್ಟೆ. ಪಕ್ಕದ ಸೈಕಲ್ ಅಂಗಡಿಯ ಉಗ್ರಪ್ಪನವರು ಬಾಗಿಲಲ್ಲಿ ನಿಂತು, “ಏನಮ್ಮೋ, ಖಾಲಿ ಮಾಡ್ಕೊಂಡು ಹೊಂಟೀಯಾ? ಬಾಡಿಗೆಗೆ ಐತೆ ಅಂತ ಬೋರ್ಡ್ ಬರೀಲಾ?” ಎಂದರು. ಆದರೆ ಗಿರಾಕಿಗಳು ಬಂದರು. ಬಳ್ಳಾರಿ, ಚಿತ್ರದುರ್ಗಗಳಲ್ಲಿ ಹೊಸ ಮನೆ ಕಟ್ಟಿಸಿದವರು ತಮ್ಮ ಮನೆಗೂ ನಿಮ್ಮ ಥರವೇ ಮಾಡಿಕೊಡಿ ಎನ್ನುತ್ತಿದ್ದರು. ನನ್ನ ಥರ ಬೇಡ, ನಿಮ್ಮ ಥರ ಯಾವುದೆಂದು ಹುಡುಕೋಣ ಎಂದು ಹೇಳಿ, ಎರಡು ವಾರ ಹುಡುಕಿ, ಕೊನೆಗೆ ನನ್ನ ಥರವನ್ನೇ ಮಾಡಿಕೊಡುತ್ತಿದ್ದೆ. ಆ ಶೈಲಿಗೆ ಇದ್ದದ್ದು ಒಂದೇ ನಿಯಮ. ಗೋಡೆಗೇರಿದ ವಸ್ತುವಿನಿಂದ ಏನೂ ಜೋತುಬೀಳಬಾರದು, ಗೆರೆ ಅಚ್ಚುಕಟ್ಟಾಗಿರಬೇಕು.

ದಿನಾಂಕ 18-08-2024ರ ಭಾನುವಾರ, ವರಮಹಾಲಕ್ಷ್ಮಿ ಹಬ್ಬ ಕಳೆದ ಎರಡನೇ ದಿನ, ಬೆಳಿಗ್ಗೆ 8-15ಕ್ಕೆ ನನ್ನ ಕಾರಿನಲ್ಲಿ ಹೊರಟು 9-50ಕ್ಕೆ ಮೊಳಕಾಲ್ಮೂರು ತಲುಪಿದೆ. ನೇಕಾರರಾದ ಬಾಲರಾಜು, 44 ವರ್ಷ, ಮಗ್ಗ ಬಿಟ್ಟು ಗಾರೆ ಕೆಲಸಕ್ಕೆ ಹೋಗುತ್ತಿದ್ದು, ತಮ್ಮ ಮಗ್ಗದ ಸಾಮಾನು ಮಾರುವುದಾಗಿ ಫೋನಿನಲ್ಲಿ ತಿಳಿಸಿದ್ದರು. ಅವರ ಮನೆಯ ಪಡಸಾಲೆಯಲ್ಲಿ ಎರಡು ಗುಂಡಿ ಮಗ್ಗಗಳಿದ್ದವು, ನಡುವೆ ನಾಲ್ಕು ಅಡಿ ಅಂತರ. ಗೋಡೆ ಪಕ್ಕದ್ದು ಬಾಲರಾಜು ಅವರದು. ಕಿಟಕಿ ಪಕ್ಕದ್ದು ಅವರ ಅಣ್ಣ ಗಂಗರಾಜು ಮತ್ತು ಅತ್ತಿಗೆ ರೇಣುಕಮ್ಮ ಅವರದು. ಗಂಗರಾಜು ಅವರಿಗೆ ಬಳ್ಳಾರಿಯಲ್ಲಿ ಕಣ್ಣಿನ ಆಪರೇಷನ್ ಆಗಿ, ದೂಳು ಬೀಳಬಾರದೆಂದು ಗಂಡಹೆಂಡತಿ ಇಬ್ಬರೂ ರಾಯದುರ್ಗದ ಮಗಳ ಮನೆಯಲ್ಲಿ ಇದ್ದರು.

ಬಾಲರಾಜು ಅವರ ಮಗ್ಗದ ಅಚ್ಚಿನಲ್ಲಿ ಎಳೆ ಇರಲಿಲ್ಲ, ನನಗೆ ಅದು ಬೋಳಾಗಿ ಕಂಡಿತು. ಕಿಟಕಿ ಪಕ್ಕದ ಅಚ್ಚಿನಲ್ಲಿ ನವಿಲು ಬಣ್ಣದ ಮತ್ತು ಕುಂಕುಮ ಬಣ್ಣದ ರೇಷ್ಮೆ ಎಳೆಗಳು ಎರಡೂ ಕಡೆ ಒಂದೊಂದು ಮೊಳ ಇಳಿಬಿದ್ದಿದ್ದವು. ಅಚ್ಚು ಎಂದರೆ ಬಾಚಣಿಗೆಯಂಥ ಉದ್ದನೆಯ ಚೌಕಟ್ಟು ಮತ್ತು ಅದರ ಹಿಂದಿನ ದಾರದ ಕುಣಿಕೆಗಳು. ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಯಿಸುವ ನೂಲಿನ, ಒಂದೊಂದು ಎಳೆಯೂ ಆ ಕುಣಿಕೆಯ ಕಣ್ಣಿನಲ್ಲಿ ತೂರಿ ಬಂದರೆ ಮಾತ್ರ ಸೀರೆಯಲ್ಲಿ ಹೂವು ಏಳುತ್ತದೆ. ಇದು ನನಗೆ ಈಗ ಗೊತ್ತು. ಅಂದು ಗೊತ್ತಿದ್ದದ್ದು ಕಿಟಕಿಯ ಬೆಳಕಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ ಎಂಬುದಷ್ಟೇ. ಅದೇ ಬೇಕು ಎಂದೆ.

ಅದು ತಮ್ಮದಲ್ಲ ಎಂದು ಬಾಲರಾಜು ಹೇಳಿದರು. ನಾನು ಬಿಡಲಿಲ್ಲ. ಅಣ್ಣನವರಿಗೆ ಕಣ್ಣಿನ ತೊಂದರೆ, ಮಗ್ಗ ನಿಂತು ಐದು ತಿಂಗಳಾಗಿದೆ, ಇಲ್ಲಿ ಇಲಿ ಕಡಿಯುವ ಬದಲು ನನ್ನ ಗೋಡೆಯ ಮೇಲೆ ನಾಲ್ಕು ಜನ ನೋಡಲಿ ಎಂದು 25 ನಿಮಿಷ ವಾದ ಮಾಡಿದೆ. ಪಾಠ ಮಾಡಿ ರೂಢಿ ಇರುವವರ ಎದುರು ಗಾರೆ ಕೆಲಸದವರು ಎಷ್ಟು ಹೊತ್ತು ನಿಂತಾರು? ಕೊನೆಗೆ ಬಾಲರಾಜು ಮಾರಾಟ ಬೇಡ, ಇಟ್ಟುಕೊಂಡಿರಿ, ನಾಲ್ಕು ಸಾವಿರ ಕೊಡಿ, ಅಣ್ಣನ ಔಷಧಿಗೆ ಕಳಿಸುತ್ತೇನೆ ಎಂದರು. ನಂತರ ಹೇಳಿದ ಮಾತು ಹೀಗಿದೆ: “ಅತ್ತಿಗೆ ಬಂದು ಕೇಳಿದ್ರೆ ವಾಪಸ್ ಕೊಡ್ಬೇಕು ಮೇಡಮ್ಮಾರೇ. ಇನ್ನೊಂದು, ದಾರಕ್ಕೆ ಕತ್ತರಿ ಮುಟ್ಟಿಸ್ಬ್ಯಾಡ್ರಿ. ಹೊಸ ಹಾಸು ತಂದಾಗ ಆ ಹಳೇ ತುದೀಗೇ ಒಂದೊಂದು ಎಳೆ ಹೊಸೆದು ಕೂಡಿಸ್ತೀವಿ. ತುದಿ ಹೋದ್ರೆ ದಾರಿ ಹೋತು.” ನಾನು ನಕ್ಕು, ಕತ್ತರಿ ಹಾಕುವುದಿದ್ದರೆ ನಿಮ್ಮ ನಾಲ್ಕು ಸಾವಿರಕ್ಕೆ ಹಾಕುತ್ತೇನೆ, ದಾರಕ್ಕಲ್ಲ ಎಂದೆ. ಅವರೂ ನಕ್ಕರು, ಹಣ ಪೂರ್ತಿ ಕೊಟ್ಟೆ. ಆಗ ಸಮಯ 11-20. ಅಲ್ಲಿ ನಾವಿಬ್ಬರೇ ಇದ್ದೆವು.

ಅಚ್ಚನ್ನು ಅದೇ ಸಂಜೆ ಅಂಗಡಿಯ ಎಡಗೋಡೆಗೆ ಹಾಕಿದೆ. ಎರಡು ದಿನ ನೋಡಿದೆ. ಎಳೆಗಳು ಇಳಿಬಿದ್ದು ಗೋಡೆ ತಲೆ ಬಾಚದೆ ಎದ್ದು ಬಂದ ಹಾಗೆ ಕಾಣುತ್ತಿತ್ತು. ದಿನಾಂಕ 20-08-2024ರ ಮಧ್ಯಾಹ್ನ 3 ಗಂಟೆಗೆ ಬಟ್ಟೆ ಕತ್ತರಿಸುವ ಕತ್ತರಿಯಿಂದ ಎರಡೂ ಕಡೆಯ ಎಳೆಗಳನ್ನು ಅಚ್ಚಿನ ಅಂಚಿಗೆ ಸಮನಾಗಿ ಕತ್ತರಿಸಿದೆ. ಉಳಿದ ಮೋಟು ತುದಿಗಳು ಬಲಿಯದ ಗಡ್ಡದಂತೆ ಕಂಡಿದ್ದರಿಂದ 21 ಮತ್ತು 22ರಂದು ಹುಬ್ಬು ಕೀಳುವ ಚಿಮಟದಿಂದ ಒಂದೊಂದನ್ನೇ ಕುಣಿಕೆಯ ಕಣ್ಣುಗಳಿಂದ ಎಳೆದು ತೆಗೆದೆ. ಎರಡು ದಿನಕ್ಕೆ ಸೇರಿ ಹನ್ನೊಂದು ಗಂಟೆ ಹಿಡಿಯಿತು. ಇಷ್ಟು ತಾಳ್ಮೆಯಿಂದ ನಾನು ಪಿಎಚ್.ಡಿ. ಮಾಡಿದ್ದರೆ ಈ ಹೊತ್ತಿಗೆ ಕಾಯಂ ಆಗಿರುತ್ತಿದ್ದೆ. ಕತ್ತರಿಸಿದ ರೇಷ್ಮೆಯಿಂದ ಪರದೆಗೆ ಕಟ್ಟುವ 22 ಕುಚ್ಚುಗಳನ್ನು ಮಾಡಿ, ಹನ್ನೆರಡನ್ನು ಚಿತ್ರದುರ್ಗದ ಗಿರಾಕಿಯೊಬ್ಬರಿಗೆ ಮಾರಿದೆ.

ಬಾಲರಾಜು ಹೇಳಿದ ಮಾತು ನನಗೆ ನೆನಪಿತ್ತು. ಮರೆತಿದ್ದೆ ಎಂದು ಬರೆಯಬೇಡಿ. ಬೆಕ್ಕು ಅಡ್ಡ ಬಂದರೆ ಹೊರಡಬಾರದು ಎನ್ನುವಂಥ ಮಾತು ಅದು ಎಂದುಕೊಂಡಿದ್ದೆ.

ದಿನಾಂಕ 22-09-2024ರಂದು ಗಂಗರಾಜು, ರೇಣುಕಮ್ಮ ಊರಿಗೆ ಮರಳಿದರು. ಆಪರೇಷನ್ ಫಲಿಸದೆ ಗಂಗರಾಜು ಅವರಿಗೆ ಎರಡೂ ಕಣ್ಣು ಹೋಗಿದ್ದವು. ಹಾಗಾಗಿ ಇನ್ನು ರೇಣುಕಮ್ಮ ಒಬ್ಬರೇ ಮಗ್ಗಕ್ಕೆ ಕೂರುವುದೆಂದು ಮಾತಾಗಿ, ರಾಯದುರ್ಗದಿಂದ ಬರುವಾಗಲೇ ಎರಡು ಸೀರೆಯ ಹಾಸು ತಂದಿದ್ದರು. ಅಚ್ಚು ನನ್ನ ಬಳಿ ಇದೆ ಎಂದು ಬಾಲರಾಜು ಅವರೇ ತಿಳಿಸಿದರು. ಮರುದಿನ, 23ರ ಸೋಮವಾರ, ಬೆಳಿಗ್ಗೆ 11-30ಕ್ಕೆ ರೇಣುಕಮ್ಮ, ಅಂದಾಜು 55 ವರ್ಷ, ಬಸ್ಸಿಳಿದು ವಿಳಾಸ ಕೇಳಿಕೊಂಡು ಅಂಗಡಿಗೆ ಬಂದರು. ಕೈಯಲ್ಲಿ ನಾಲ್ಕು ಸಾವಿರ ರೂಪಾಯಿ ಇತ್ತು. ಅಚ್ಚನ್ನು ಸುತ್ತಿಕೊಂಡು ಹೋಗಲು ಒಗೆದು ಮಡಚಿದ ಪಂಚೆಯೂ ಇತ್ತು.

ಅಂಗಡಿಯಲ್ಲಿ ಆಗ ಬಳ್ಳಾರಿಯ ಇಬ್ಬರು ಗಿರಾಕಿಗಳಿದ್ದರು. ಹಳೆಯ ವಸ್ತುವಿನ ಜೊತೆ ಮಾತಾಡುವುದು ಹೇಗೆ ಎಂದು ನಾನು ಅವರಿಗೆ ವಿವರಿಸುತ್ತಿದ್ದೆ. ರೇಣುಕಮ್ಮ ಎಡಗೋಡೆಯ ಹತ್ತಿರ ಹೋಗಿ, ಒಂದು ಅಡಿ ದೂರದಲ್ಲಿ ನಿಂತು ನೋಡಿದರು. ಬೆರಳನ್ನು ಕುಣಿಕೆಗಳ ಮೇಲೆ ಆ ತುದಿಯಿಂದ ಈ ತುದಿಯವರೆಗೆ ಆಡಿಸಿದರು. ನಂತರ ನಮ್ಮ ನಡುವೆ ನಡೆದ ಮಾತು ಇಷ್ಟು:

“ಇದ್ರಾಗಿನ ಎಳೆ ಎಲ್ಲಮ್ಮ?”

“ಇರಲಿಲ್ಲ.”

“ಇರ್ಲಿಲ್ಲ ಅಂದ್ರೆ? ನಾನೇ ಬಿಟ್ಟು ಹೋಗಿದ್ನಲ್ಲ, ಒಂದ್ ಮೊಳ.”

“ಹೀಗೇ ಕೊಟ್ಟರು.”

“ಬಾಲರಾಜು ಹಿಂಗೇ ಕೊಟ್ನಾ?”

“ಹೀಗೇ.”

ಗಿರಾಕಿಗಳು ನನ್ನನ್ನೇ ನೋಡುತ್ತಿದ್ದರು. ಅವರೆದುರು ತಿಳಿಯದವಳು ಎನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಕಾರಣ ಇಷ್ಟೇ, ಇದಕ್ಕಿಂತ ದೊಡ್ಡದನ್ನು ಹುಡುಕಿದೆ, ಸಿಗಲಿಲ್ಲ.

ರೇಣುಕಮ್ಮ ಅಳಲಿಲ್ಲ. “ಓದ್ದೋರು ನೀವು, ನಿಮಗ್ಯಾಕೆ ಸುಳ್ಳು ಬೇಕು” ಎಂದು, ಅಂಗಡಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು, ನೀರು ಕೊಟ್ಟರೆ ಕುಡಿದು, ಅಚ್ಚನ್ನು ಅಲ್ಲೇ ಬಿಟ್ಟು, ಹಣ, ಪಂಚೆ ಎರಡನ್ನೂ ವಾಪಸ್ ತೆಗೆದುಕೊಂಡು ಹೋದರು. ಅದೇ ಸಂಜೆ, ಮೈದುನನಾದ ಬಾಲರಾಜು ತಮ್ಮ ಅಚ್ಚನ್ನು ಕದ್ದು, ಎಳೆ ಕಿತ್ತು ಹಾಳು ಮಾಡಿ ಮಾರಿದ್ದಾನೆಂದು ಈ ಠಾಣೆಗೆ ದೂರು ಕೊಟ್ಟರು. 24ರಂದು ನನ್ನನ್ನು ಕರೆಸಿ ಕೇಳಿದಾಗ, ಅಚ್ಚು ಎಳೆಯಿಲ್ಲದೆಯೇ ಬಂದಿತ್ತೆಂದೂ, ಪೂರ್ತಿ ಮಾರಾಟವೇ ಆಗಿತ್ತೆಂದೂ, ಯಾವ ಷರತ್ತೂ ಇರಲಿಲ್ಲವೆಂದೂ ಹೇಳಿಕೆ ಕೊಟ್ಟೆ. ಬಾಲರಾಜು ಎರಡು ಅಡಿ ದೂರದ ಬೆಂಚಿನ ಮೇಲಿದ್ದರು. “ಮೇಡಮ್ಮಾರೇ, ನಾನು ಹೇಳಿದ್ನಲ್ರಿ” ಎಂದು ಒಂದು ಸಲ ಹೇಳಿದರು. ನಾನು ಸಹಿ ಮಾಡುತ್ತಿದ್ದೆ. ಅವರನ್ನು ದಸ್ತಗಿರಿ ಮಾಡಿ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತೆಂದು ಮರುದಿನ ತಿಳಿಯಿತು. ಮನೆಯಲ್ಲಿ ಅಂಜನ್ ಅವರಿಗೆ ನಡೆದದ್ದು ಹೇಳಿದೆ. ಅವರು ಯಾವಾಗಲೂ ಏನಾದರೂ ಚುಡಾಯಿಸುವವರು. ಅಂದು ಊಟದ ತಟ್ಟೆ ಎತ್ತಿಟ್ಟು ಒಳಗೆ ಹೋದರು.

ದಿನಾಂಕ 26-09-2024ರ ಗುರುವಾರ ಬೆಳಿಗ್ಗೆ 9-30ಕ್ಕೆ ಅಚ್ಚು ಮತ್ತು ಉಳಿದ ಹತ್ತು ಕುಚ್ಚುಗಳ ಸಮೇತ ಮೊಳಕಾಲ್ಮೂರಿನ ಅವರ ಮನೆಗೆ ಹೋಗಿ, ಕತ್ತರಿಸಿದ್ದು ನಾನು ಎಂದು ರೇಣುಕಮ್ಮ ಅವರಿಗೆ ಹೇಳಿದೆ. ಅವರು ಮೊದಲು ಕೇಳಿದ್ದು, “ಹಂಗಾದ್ರೆ ಅವನು ಮುಟ್ಟಿಲ್ವಾ?” ಎಂದು. ಮುಟ್ಟಿಲ್ಲ, ಮುಟ್ಟಬೇಡಿ ಎಂದು ಹೇಳಿಯೂ ಇದ್ದರು ಎಂದೆ. ಅವರು ತಮ್ಮ ಕೆನ್ನೆಗೆ ತಾವೇ ಒಂದು ಹೊಡೆದುಕೊಂಡರು. “ನಾನೇ ಕೈಯಾರ ಹಿಡ್ಕೊಟ್ನಲ್ಲೇ ನಿನ್ ಮಾತು ಕೇಳಿ” ಎಂದರು. ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದರು.

ಗಂಗರಾಜು ಗೋಡೆಗೆ ಒರಗಿ ಕೂತಿದ್ದರು. ಅಚ್ಚನ್ನು ಮಡಿಲಿಗೆ ಹಾಕಿಸಿಕೊಂಡು ಮುಟ್ಟಿ ನೋಡಿದರು. ಎಳೆ ಸುಮಾರು ನಾಲ್ಕು ಸಾವಿರ ಎಂದೂ, ಯಾವ ಎಳೆ ಯಾವ ಕಣ್ಣಿಗೆ ಎಂಬುದು ತಮ್ಮ ತಂದೆ ಕೂಡಿಸಿದ ಲೆಕ್ಕವೆಂದೂ, ಆಮೇಲೆ ನಲವತ್ತು ವರ್ಷ ಹಳೇ ತುದಿಗೆ ಹೊಸ ಎಳೆ ಹೊಸೆಯುತ್ತಲೇ ಬಂದಿದ್ದರಿಂದ ಅದನ್ನು ಯಾರೂ ಬರೆದಿಡಲಿಲ್ಲವೆಂದೂ ಹೇಳಿದರು. ಈಗ ಹೇಳಿದರೆ ನಾನು ಬರೆದುಕೊಳ್ಳುತ್ತೇನೆ, ಬರೆಯುವುದು ನನಗೆ ಬರುತ್ತದೆ ಎಂದೆ. ಅವರ ತಂದೆ ತೆಲುಗಿನಲ್ಲಿ ಕಲಿಸಿದ್ದಂತೆ. ಒಕಟಿ, ರೆಂಡು, ಮೂಡು ಎಂದು ಒಂದೊಂದು ಕಣ್ಣಿಗೆ ಬೆರಳಿಟ್ಟು ಶುರು ಮಾಡಿದರು. ನೂರಾ ಎಂಬತ್ತರ ಹತ್ತಿರ ನಿಂತರು. ಮತ್ತೆ ಮೊದಲಿಂದ ಎಣಿಸಿದರು, ನೂರಾ ಅರವತ್ತೆಂಟಕ್ಕೆ ನಿಂತರು. ಮೂರನೇ ಸಲ ನೂರು ದಾಟಲಿಲ್ಲ. “ಕಣ್ಣಿದ್ದಾಗ ನೋಡಿ ಮಾಡ್ತಿದ್ದೆ, ನೆನಪಿಟ್ಕಂಡಿರ್ಲಿಲ್ಲಮ್ಮ” ಎಂದು ನನ್ನ ಕಡೆ ಅಲ್ಲದೆ ಕಿಟಕಿಯ ಕಡೆಗೆ ತಿರುಗಿ ಹೇಳಿ, ಬಿಸಿಲು ಎಲ್ಲಿಗೆ ಬಂತು ಎಂದು ಹೆಂಡತಿಯನ್ನು ಕೇಳಿದರು. ಆಗ ಸಮಯ 12-05.

ರಾಯದುರ್ಗದಿಂದ ತಂದ ಹಾಸು ಗೂಟಕ್ಕೆ ನೇತುಹಾಕಿದ ಚೀಲದಲ್ಲೇ ಇತ್ತು. ಬೇರೆ ಕಸುಬುದಾರರನ್ನು ಕರೆಸಿ ಹೊಸ ಅಚ್ಚು ಕಟ್ಟಿಸಿಕೊಡುತ್ತೇನೆ ಎಂದೆ. ಕಟ್ಟಿದರೆ ಅವರ ಮನೆ ಸೀರೆ ಬರುತ್ತದೆ, ನಮ್ಮ ಮನೆಯದಲ್ಲ ಎಂದು ರೇಣುಕಮ್ಮ ಹೇಳಿದರು. ಹಳೆಯದನ್ನಾದರೂ ಇಟ್ಟುಕೊಳ್ಳಿ ಎಂದು ನಾನು ಅದನ್ನು ಮಗ್ಗದ ಮೇಲಿಡಲು ಹೋದಾಗ ತಡೆದರು.

“ಅಲ್ಲಿಡಬ್ಯಾಡ. ನೀನು ಒಯ್ಯೋ ದಿನ ಅದು ಹಳೇ ಸಾಮಾನಾಗಿರ್ಲಿಲ್ಲ ಕಣಮ್ಮ, ದುಡಿಯೋ ಸಾಮಾನು. ಹಳೇದು ಮಾಡಿದ್ದು ನೀನು. ಈಗ ಅದು ನಿನ್ ಅಂಗಡೀದೇ. ಎತ್ಕೊಂಡು ಹೋಗು.”

ಆ ಪ್ರಕಾರ ಎತ್ತಿಕೊಂಡು ಬಂದಿದ್ದೇನೆ.

ಆದ್ದರಿಂದ 24-09-2024ರ ನನ್ನ ಹೇಳಿಕೆ ಸುಳ್ಳು. ಬಾಲರಾಜು ಅಚ್ಚನ್ನು ಕೊಟ್ಟದ್ದು ನಿಜ, ನನ್ನ ಒತ್ತಾಯಕ್ಕೆ, ವಾಪಸ್ ಕೊಡುವ ಮಾತಿನ ಮೇಲೆ, ಎಳೆ ಸಮೇತ. ಅವರನ್ನು ಬಿಡಿಸಲು ಎಲ್ಲಿ ಹೇಳಬೇಕೋ ಅಲ್ಲೆಲ್ಲ ಇದನ್ನೇ ಹೇಳಲು ಬದ್ಧಳಾಗಿದ್ದೇನೆ. ಸುಳ್ಳು ಹೇಳಿಕೆಗೆ ಏನು ಕ್ರಮವಿದೆಯೋ ಅದಕ್ಕೂ.

ಅಚ್ಚು ಒಂದು, ಕುಚ್ಚು ಹತ್ತು, ಚಿಮಟ ಒಂದು, ಕತ್ತರಿ ಒಂದು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಜಪ್ತಿ ಪಟ್ಟಿಯಲ್ಲಿ ಅಚ್ಚಿನ ವಾರಸುದಾರರು ಯಾರು ಎಂದು ರೈಟರ್ ಕೇಳಿದರು. ರೇಣುಕಮ್ಮ ಅವರಿಗೆ ಫೋನ್ ಮಾಡಿ ವಿಚಾರಿಸಿದರು, ಅವರು ತಮ್ಮ ಹೆಸರು ಬೇಡವೆಂದರು. ನನ್ನ ಹೆಸರು ಬರೆದುಕೊಳ್ಳಿ ಎಂದು ತಿಳಿಸಿದ್ದೇನೆ.

ನಾನು ಹೇಳಿದಂತೆ ಬರೆದದ್ದನ್ನು ಓದಿಸಿ ಕೇಳಿದೆ, ಎರಡನೇ ಸಲ ನಾನೇ ಓದಿಕೊಂಡೆ. ಎಲ್ಲವೂ ನಡೆದಂತೆಯೇ ಇದೆ. ನನ್ನನ್ನು ಯಾರೂ ಹೆದರಿಸಿಲ್ಲ.

ಸ್ಥಳ: ಮೊಳಕಾಲ್ಮೂರು
ದಿನಾಂಕ: 27-09-2024, ಮಧ್ಯಾಹ್ನ 1-25

ಸಹಿ/- ಆಶಾ