ಬೆಲ್ಜಿಯಮ್ಮಿನ ಜೋಡಿ

೧೯೮೬ರ ಒಂದು ಶನಿವಾರ ಅಮೆರಿಕದ ಓಕ್ಲ್ಯಾಂಡಿನಿಂದ ವಾಲ್ನಟ್ ಕ್ರೀಕ್ ಕಡೆಗೆ ಹೋಗುವ ರೈಲಿನಲ್ಲಿ, ಪಕ್ಕದ ಸಾಲಿನಲ್ಲಿ ಒಬ್ಬ ಅಜ್ಜಿ ಮತ್ತು ಅವರ ಸೊಸೆ ಕುಳಿತಿದ್ದರು. ಕಾಲ ಬಳಿಯ ಚೀಲದಿಂದ ಐಸ್ ಸ್ಕೇಟಿಂಗಿನ ಬಿಳಿ ಬೂಟುಗಳು ಇಣುಕುತ್ತಿದ್ದವು. ಸೊಸೆಯ ತೊಡೆಯ ಮೇಲೆ ಒಂದು ಫಾರಮ್ಮು ಇತ್ತು. ನನಗೆ ಕನ್ನಡ ಬರುತ್ತದೆಂದು ಅವರು ಊಹಿಸಿರಲಿಲ್ಲ.

“ಇವತ್ತು ಸಹಿ ಹಾಕದಿದ್ರೆ ನಮ್ಮ ನಿರುಪಮಳ ಸ್ಕೇಟಿಂಗು ಮುಗೀತು, ಅತ್ತೆ. ಅವಳ ಜೊತೆ ಜೋಡಿಯಾಗಿ ಆಡ್ತಿದ್ದ ಹುಡುಗ ಕಾಲೇಜು ಅಂತ ಬಿಟ್ಟುಹೋದ. ಈಗ ಸಿಕ್ಕಿರೋನು ಬೆಲ್ಜಿಯಂನವನು.”

“ಸಿಕ್ಕಿದ್ನಲ್ಲ, ಹಾಕು.”

“ಅವನ ಜೊತೆ ಆಡಿದ್ರೆ ಬೆಲ್ಜಿಯಂ ಪರವಾಗೇ ಆಡಬೇಕು.”

“ಅಲ್ಲಿ ಎಷ್ಟು ಜೋಡಿ ಇದಾವೆ?”

“ಇವರದ್ದೊಂದೇ.”

“ಮತ್ತೆ ಸೋಲಿಸೋರು ಯಾರು?”

“ನಿಮ್ಮ ಮಗ ಒಪ್ಪಲ್ಲ. ಒಂಬತ್ತು ವರ್ಷ ಕಾದು ಅಮೆರಿಕದ ಪಾಸ್‌ಪೋರ್ಟು ತಗೊಂಡಿದೀನಿ, ಮಗಳು ಬೇರೆ ಬಾವುಟ ಹಿಡಿಯೋದಾ ಅಂತಾರೆ.”

“ಅವನು ಮಾತ್ರ ಅವರಪ್ಪ ಹಿಡಿದ ಬಾವುಟವನ್ನೇ ಹಿಡಿದಿದಾನಾ?”

ಸೊಸೆಗೆ ನಗು ತಡೆಯಲಾಗಲಿಲ್ಲ.

“ಆದ್ರೂ ದೇಶ ಬದಲಾಯಿಸೋದು ಅಂದ್ರೆ, ಅತ್ತೆ...”

“ಒಂದೇ ಮುಹೂರ್ತದಲ್ಲಿ ಊರು, ಮನೆ, ಗೋತ್ರ ಮೂರೂ ಬದಲಾಯಿಸಿದೋಳು ನಾನು. ನೀನೂ ಅಷ್ಟೆ. ನಮಗೆ ಯಾರಾದ್ರೂ ಫಾರಮ್ಮು ಕೊಟ್ರಾ?”

ಸೊಸೆ ಪೆನ್ನು ತೆಗೆದರು. ರೈಲಿನ ಕುಲುಕಾಟ ಕಡಿಮೆಯಾಗುವವರೆಗೆ ಕಾದು, ವಾಲ್ನಟ್ ಕ್ರೀಕ್ ಹತ್ತಿರವಾದಾಗ ಸಹಿ ಹಾಕಿದರು. ಬಾಗಿಲ ಬಳಿ ಅಜ್ಜಿ ತಟ್ಟನೆ ನಿಂತರು.

“ಮುಖ್ಯವಾದ್ದೇ ಕೇಳಲಿಲ್ಲ. ಅವಳನ್ನ ತಲೆ ಮೇಲೆ ಎತ್ತಿ ತಿರುಗಿಸ್ತಾನಲ್ಲ, ಆ ಹುಡುಗನ ತೋಳು ಗಟ್ಟಿ ಇದೆ ತಾನೆ?”

“ನಾಳೆ ಊಟಕ್ಕೆ ಕರೆದಿದೀನಿ. ನೀವೇ ನೋಡಿ.”

“ಬರಲಿ. ಮೊದಲು ನಮ್ಮ ರುಬ್ಬೋ ಕಲ್ಲು ಎತ್ತಿಸ್ತೀನಿ. ಊಟ ಆಮೇಲೆ.”

ಬಾಗಿಲು ತೆರೆಯಿತು. ಇಬ್ಬರೂ ಇಳಿದುಹೋದರು.