ಎರಡು ಜೋಡಿ ಸಾಕು

ಸ್ವಾತಂತ್ರ್ಯ ಬಂದ ಮರುವರ್ಷ. ಗದಗಿನಲ್ಲಿ ಮುಂಡರಗಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಗಂಡಹೆಂಡಿರ ಜಗಳ ಕಿವಿಗೆ ಬಿತ್ತು. ಗಂಡ ಖಾದಿ ತೊಟ್ಟಿದ್ದ. ಹೆಂಡತಿಯ ಕಂಕುಳಲ್ಲಿ ಬಟ್ಟೆಗಂಟಿತ್ತು.

“ಸಾದಾ ಬದುಕಬೇಕಂತ ನಿಶ್ಚಯ ಮಾಡೀನಿ. ಮನಷ್ಯಾಗ ಎರಡ ಜೋಡಿ ಅರಿವಿ ಸಾಕು.”

“ನಿಶ್ಚಯ ನಿಮ್ದು. ದಾನಾ ಕೊಟ್ಟಿದ್ದು ನನ್ನ ಸೀರಿ.”

“ಕೇಳಿದ್ರ ನೀ ಎಲ್ಲಿ ಕೊಡತಿದ್ದಿ?”

“ಅದು ನಮ್ಮವ್ವ ಉಟ್ಟ ಇಳಕಲ್ ಸೀರಿ. ಅಕಿ ಹೋದಮ್ಯಾಲೆ ಅದೊಂದ ನೆಪ್ಪ ಉಳದಿತ್ತು.”

“ಅಂಥಾ ಮೋಹಾನ ಮೊದಲ ಬಿಡಬೇಕು.”

“ಮತ್ತ ಕಿಸೆದಾಗಿನ ಬೆಳ್ಳಿ ಗಡಿಯಾರ?”

“ಏ, ಅದು ನಮ್ಮಪ್ಪನ ನೆಪ್ಪ!”

ಆಕೆ ಅವನನ್ನೇ ದಿಟ್ಟಿಸಿದಳು. ಅಷ್ಟರಲ್ಲಿ ಬಸ್ಸು ಬಂತು. ಗಂಟು ಹಿಡಿದು ಒಬ್ಬಳೇ ಹತ್ತಿದಳು.

“ತವರಮನಿಗೆ ಹೊಂಟಿ, ಖರೆ. ತಿರಗಿ ಯಾವಾಗ ಬರತಿ?”

“ಗಡಿಯಾರ ಐತಲ್ಲ. ನೋಡಕೋತ ಕುಂಡ್ರಿ.”