ಬ್ರೇಕ್ ಒತ್ತಿದ್ರೆ ಹಾರುವ ಗಾಡಿ

...ನಗು, ನಗು! ಬ್ರೇಕ್ ಒತ್ತಿದ್ರೆ ಮುಂದೆ ಹಾರುವ ಗಾಡಿಯಲ್ಲಿ ನೀನೊಮ್ಮೆ ಕೂತು ನೋಡು ಅಪರ್ಣಾ, ಆಗ ಗೊತ್ತಾಗ್ತದೆ. ನಿನ್ನ ಪ್ರೇಮನಾಥ ಮಾವ ಸುಳ್ಳು ಹೇಳುವವನಾ? ಅಂಬರನಾಥದಲ್ಲಿ ನನ್ನ ಹೋಟೆಲಿಗೆ ಬರುವ ಯಾರನ್ನು ಬೇಕಾದ್ರೂ ಕೇಳು... ಆಯ್ತು ಮಾರಾಯ್ತಿ, ಸಾಂಬಾರಿಗೆ ನೀರು ಬೆರೆಸುವ ವಿಷಯ ಬೇಡ! ಗಾಡಿಯ ವಿಷಯ ಮಾತಾಡುವ.

ಅಲ್ಲ, ಬಾನೆಟ್ ಯಾಕೆ ಮುಚ್ಚಿದ್ದು? ಥ್ರಾಟಲ್ ಕ್ಲೀನ್ ಉಂಟಾ? ಟಾರ್ಚ್ ಹಿಡಿದು ನೋಡಿದೆಯಾ? ಒಳಗೆ ಕರಿ ಕಟ್ಟಿದ್ರೆ ಗಾಳಿ ಬಿಡುವ ಬಿಲ್ಲೆ ತೆರೆದೇ ನಿಲ್ತದಂತೆ, ಗಾಳಿ ಜಾಸ್ತಿ ನುಗ್ತದಂತೆ, ಗಾಡಿ ತನ್ನಷ್ಟಕ್ಕೇ ಓಡ್ತದಂತೆ. ಯಾರು ಹೇಳಿದ್ದಾ? ಯೂಟ್ಯೂಬಲ್ಲಿ ಒಬ್ಬ... ಏಯ್, ಕಣ್ಣು ಹಾಗೆ ತಿರುಗಿಸಬೇಡ! ನವಿ ಮುಂಬೈಯ ಸರ್ವಿಸ್ ಸೆಂಟರಿನಲ್ಲಿ ಕೆಲಸ ಸಿಕ್ಕಿದ ಮೇಲೆ ನಿನಗೆ ಮಾವ ದಡ್ಡ ಆದ. ಕಾರಿನ ಸ್ಟೀರಿಂಗ್ ನಿನ್ನ ಕೈಗೆ ಮೊದಲು ಕೊಟ್ಟದ್ದು ಯಾರು? ಇದೇ ಡೊಂಬಿವಲಿ ಎಂಐಡಿಸಿ ರಸ್ತೆಯಲ್ಲಿ, ನಿನ್ನ ಅಮ್ಮ ಬೇಡ ಬೇಡ ಅಂತ ಕಿರುಚುವಾಗ... ಹಾಂ, ಈಗ ನಗೆ ಬಂತಲ್ಲ!

ಮೊದಲಿನ ಗಾಡಿಯಲ್ಲಿ ಕೇಬಲ್ ಇತ್ತು. ಕಾಲು ಒತ್ತಿದ್ರೆ ಕೇಬಲ್ ಎಳೀತಿತ್ತು, ಮುಗೀತು. ಈಗ ನೋಡು... ಪೆಡಲಿನ ಸೆನ್ಸರ್ ಕಂಪ್ಯೂಟರಿಗೆ ಹೇಳುದು, ಕಂಪ್ಯೂಟರ್ ಮೋಟರಿಗೆ ಹೇಳುದು. ನಡುವೆ ಯಾರೋ ಒಬ್ಬ ತಪ್ಪು ಹೇಳಿದ್ರೆ? ಅದಕ್ಕೇ ಮೊನ್ನೆ ಪಾರ್ಕಿಂಗಿನ ಗೋಡೆಗೆ ಗುದ್ದಿದ್ದು. ಸೊಸಾಯಟಿಯವರೆಲ್ಲ ಬಾಲ್ಕನಿಗೆ ಬಂದು, "ಕಾಯ್ ಝಾಲಂ ಶೆಟ್ಟಿ?" ಅಂತ ನನ್ನನ್ನು ಕೇಳುದು, ಏನಾಯ್ತು ಏನಾಯ್ತು ಅಂತ. ಎಷ್ಟು ನಾಚಿಕೆ!

ಎಂತ? ಪೆಡಲಿಗೆ ಸೆನ್ಸರ್ ಎರಡುಂಟಾ? ಎರಡೂ ಸರಿಯಾಗಿಯೇ ಹೇಳ್ತವಾ? ವಯರ್ ಅಲ್ಲಾಡಿಸಿ ನೋಡಿದೆಯಾ? ಅದೂ ಸರಿಯಾ? ಸ್ಕ್ಯಾನರಿನಲ್ಲಿ ಫಾಲ್ಟೇ ಇಲ್ಲವಾ? ಹಾಗಾದ್ರೆ ನಿನ್ನ ಸ್ಕ್ಯಾನರೇ ಹಾಳು! ಎಂತ ಗೊಣಗ್ತೀ ಒಳಗೊಳಗೆ? ಕನ್ನಡದಲ್ಲಿ ಬಯ್ಲಿಕ್ಕೆ ಬರುದಿಲ್ಲವಾ? ಮರಾಠಿಯಲ್ಲೇ ಬಯ್ಯಿ, ನನಗೆ ಅರ್ಥ ಆಗ್ತದೆ.

ಕೂತುಕೊಳ್ಬೇಕಾ? ನಾನಾ? ಸರಿ, ಕೂತೆ. ಎಂಜಿನ್ ಬೇಡ, ಕೀ ಮಾತ್ರ... ಹಾಂ. ಬ್ರೇಕ್ ಒತ್ತಬೇಕು, ಅಷ್ಟೇ ಅಲ್ವಾ? ಒತ್ತಿದೆ. ಆಯ್ತಾ?

ಎಂತ ನೋಡ್ತೀ ಆ ಸ್ಕ್ಯಾನರಿನ ಸ್ಕ್ರೀನಿನಲ್ಲಿ? ಗೆರೆ ಮೇಲೆ ಹೋಗ್ತಾ ಉಂಟು, ನನಗೂ ಕಾಣ್ತದೆ. ಅದು ಎಕ್ಸಲರೇಟರಿನ ಗೆರೆಯಲ್ವಾ? ನೋಡು! ನಾನು ಬ್ರೇಕ್ ಒತ್ತುದು, ಎಕ್ಸಲರೇಟರ್ ಏರುದು! ಸಿಕ್ಕಿಬಿತ್ತು ನಿನ್ನ ಕಂಪ್ಯೂಟರ್! ಏನು, ಈಗಲಾದ್ರೂ ಮಾವ ಹೇಳಿದ್ದು...

ಸ್ಕ್ರೀನ್ ಬಿಟ್ಟು ಕೆಳಗೆ ನನ್ನ ಕಾಲನ್ನು ಎಂತ ನೋಡುದು? ಎದ್ದು ಎಲ್ಲಿಗೆ ಹೊರಟೆ? ಅಪರ್ಣಾ! ಒಬ್ಬನನ್ನೇ ಕೂರಿಸಿ ಹೋದಳಲ್ಲ ಈ ಹುಡುಗಿ...

ಬಂದೆಯಾ. ಕೈಯಲ್ಲಿ ಎಂತ ಅದು? ಚಪ್ಪಲಿಯಾ? ಯಾರದು?

...ಲಿಫ್ಟಿನ ಹತ್ತಿರ ಬಿದ್ದಿತ್ತಾ.

ಅಲ್ಲ, ಅದು ನಾನೇ ಬಿಟ್ಟದ್ದು. ಪಟ್ಟಿ ಸಡಿಲ, ಅದಕ್ಕೆ ಬೇಕಂತಲೇ... ಒಂದೇ ಕಾಲಿನದ್ದು ಯಾರು ಬಿಡ್ತಾರೆ ಅಂತ ಕೇಳ್ತೀಯಾ? ಕೇಳು, ಕೇಳು.  ಚಪ್ಪಲಿಯನ್ನು ಹಾಗೆ ನನ್ನ ಬರಿಗಾಲಿನ ಹತ್ತಿರ ಹಿಡಿಯಬೇಡ ಮಾರಾಯ್ತಿ.

ಶುಗರ್ ಇದ್ದವರಿಗೆ ಕಾಲು ಸ್ವಲ್ಪ ಜೋಮು ಹಿಡೀತದೆ, ಯಾವ ಪೆಡಲಿನ ಮೇಲೆ ಉಂಟು ಅಂತ ಗೊತ್ತಾಗುದಿಲ್ಲ. ಎಲ್ಲರಿಗೂ ಆಗ್ತದೆ. ಡಾಕ್ಟ್ರಿಗೆ ಹೇಳ್ಲಿಲ್ಲ. ಹೇಳಿದ್ರೆ ಗಾಡಿ ಬಿಡಬೇಡಿ ಅಂತಾರೆ. ಮತ್ತೆ ನಾನು ಹೋಟೆಲಿಗೆ ಹೇಗೆ ಹೋಗುದು? ಈ ಮಂಡಿಯಲ್ಲಿ ಲೋಕಲ್ ಟ್ರೈನ್ ಹತ್ತುದಾ?

ನೋಡಬೇಡ ಹಾಗೆ.

...ನಿನ್ನ ಅತ್ತೆ ಹೇಳಿದಳಾ ನಿನಗೆ? ಇಲ್ಲವಾ? ಅವಳು ಯಾರಿಗೂ ಹೇಳ್ಲಿಲ್ಲ. ಮೊನ್ನೆ ಆ ಗೋಡೆಯ ಹತ್ತಿರ ಪ್ರಫುಲ್ಲಾ ನಿಂತಿದ್ದಳು ಮಗಾ. ತರಕಾರಿ ಚೀಲ ಹಿಡಿದು, ಬನ್ನಿ ಬನ್ನಿ ಅಂತ ನನಗೆ ಕೈ ತೋರಿಸ್ತಾ ಇದ್ದಳು. ಬೀನ್ಸ್ ಕೆಳಗೆ ಬಿತ್ತು ಅಂತ ಪಕ್ಕಕ್ಕೆ ಸರಿದಳು. ಅಷ್ಟೇ. ಬೀನ್ಸ್ ಬೀಳದಿದ್ರೆ...

ಮೇಲೆ ಬಂದು ಅವಳು ಕೇಳಿದ್ದು ಒಂದೇ ಮಾತು. ಗಾಡಿಗೆ ಏನಾಯ್ತು ಅಂತ. ನಾನು ತಪ್ಪನ್ನು ಗಾಡಿಯ ಮೇಲೆ ಹಾಕಿದೆ. ಅವಳು ನಂಬಿದಳೋ, ನಂಬಿದ ಹಾಗೆ ಮಾಡಿದಳೋ.

ತಗೋ ಕೀ. ತಗೋ ಅಂದೆ. ನಾಳೆ ಡಾಕ್ಟ್ರ ಹತ್ತಿರ ನೀನೇ ಕರಕೊಂಡು ಹೋಗು, ನಾನು ಪಕ್ಕದಲ್ಲಿ ಕೂತು ನಿನ್ನ ಡ್ರೈವಿಂಗಿಗೆ ಬಯ್ತೇನೆ. ಪ್ರಫುಲ್ಲಾಳಿಗೆ ನಾನೇ ಹೇಳ್ತೇನೆ. ಇವತ್ತೇ.

ಅಯ್ಯೋ, ಚಪ್ಪಲಿ ನೀನು ಹಾಕುದು ಬೇಡ... ಕೊಡು ಇಲ್ಲಿ... ಸರಿ, ಹಾಕು. ಹಟಮಾರಿ. ಚಿಕ್ಕವಳಿರುವಾಗ ಮಾಡಿದ ಹಾಗೆ ಅಂಗಾಲಿಗೆ ಕಚಗುಳಿ ಇಟ್ಟರೆ ನೋಡು ಮತ್ತೆ! ಇಡಬೇಡ, ಹೇಳಿದ್ದೇನೆ...

ಯಾಕೆ ತಲೆ ತಗ್ಗಿಸಿದೆ?

ಕಚಗುಳಿ ಇಟ್ಟಾಯ್ತಾ?